ತಡವಾಗಿ ಬಂದವರಿಗೂ ಒಂದು ಮುಳುಗು

ಕೇಳುಗರಿಗೆ ನಮಸ್ಕಾರ.

ಕೊಡಗಿನ ತಲಕಾವೇರಿ ಕಾವೇರಿ ಹುಟ್ಟುವ ಜಾಗ; ಅಲ್ಲಿ ವರ್ಷಕ್ಕೊಮ್ಮೆ ನೀರು ಉಕ್ಕುವುದೇ ತೀರ್ಥೋದ್ಭವ. 2024ರಲ್ಲಿ ಅದು ಬೆಳಗ್ಗೆ 7 ಗಂಟೆ 40 ನಿಮಿಷಕ್ಕೆ ಆಯಿತು. ಮರುವರ್ಷ ಮಧ್ಯಾಹ್ನ 1 ಗಂಟೆ 44ಕ್ಕೆ. ಹಬ್ಬ ಅದೇ, ಹೊತ್ತು ಮಾತ್ರ ಬೇರೆ. ಯಾಕೆ ಹೀಗೆ? ಸೂರ್ಯ ತುಲಾ ರಾಶಿಗೆ ಕಾಲಿಡುವ ಕ್ಷಣವೇ ಇಲ್ಲಿ ಮುಹೂರ್ತ. ವರ್ಷ ಅಂದರೆ ಬರೀ 365 ದಿನ ಅಲ್ಲವಲ್ಲ, ಮೇಲೆ ಆರು ಗಂಟೆ ಚಿಲ್ಲರೆ ಇದೆ. ಹಾಗಾಗಿ ಮುಹೂರ್ತವೂ ವರ್ಷಕ್ಕೆ ಅಷ್ಟು ಮುಂದೆ ಸರಿಯುತ್ತದೆ. ಒಮ್ಮೆ ಬೆಳಗ್ಗೆ ಬಂದರೆ ಇನ್ನೊಮ್ಮೆ ನಡುರಾತ್ರಿ. ಅಕ್ಟೋಬರ್ 17ರ ಆಸುಪಾಸು ಅಂತ ಗೊತ್ತಿದ್ದರೂ ಗಂಟೆ ತಿಳಿಯಲು ಪಂಚಾಂಗ ತೆಗೆಯಲೇಬೇಕು.

ಅಂದು ಹೊರಟವರು ಮೊದಲು ನಿಲ್ಲುವುದು ಭಾಗಮಂಡಲದಲ್ಲಿ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಜಾಗ ಅದು. ಸುಜ್ಯೋತಿ ಕಣ್ಣಿಗೆ ಕಾಣದ ನದಿ, ಒಳಗೊಳಗೇ ಹರಿಯುತ್ತಾಳೆ ಅನ್ನುವುದು ನಂಬಿಕೆ. ಸಂಗಮದಲ್ಲಿ ಮುಳುಗುತ್ತಾರೆ. ಕೆಲವರು ಮುಡಿ ಕೊಡುತ್ತಾರೆ, ತೀರಿಕೊಂಡ ಹಿರಿಯರಿಗೆ ಪಿಂಡ ಇಡುತ್ತಾರೆ. ಆಮೇಲೆ 8 ಕಿಲೋಮೀಟರ್ ಬೆಟ್ಟದ ದಾರಿ. ಮೇಲೆ ಇರುವುದು ದೊಡ್ಡ ಹೊಳೆಯಲ್ಲ, ಒಂದು ಪುಟ್ಟ ಕುಂಡಿಕೆ, ಅದರ ಮುಂದೆ ಒಂದು ಕೊಳ. ಇಷ್ಟು ಸಾವಿರ ಜನ ಅಷ್ಟು ಚಿಕ್ಕ ನೀರನ್ನು ಉಸಿರು ಬಿಗಿಹಿಡಿದು ನೋಡುತ್ತಾರೆ! ನೀರು ಉಕ್ಕಿತು ಅಂದ ಕೂಡಲೇ ಬಿಂದಿಗೆ, ತಂಬಿಗೆ, ಬಾಟಲಿ ಎಲ್ಲ ಮುಂದಕ್ಕೆ ಬರುತ್ತವೆ.

ಆ ನೀರು ಮನೆಗೆ ಹೋಗುತ್ತದೆ. ಕೊಡವರ ಮನೆಗಳಲ್ಲಿ ಕಣಿ ಪೂಜೆ ಮಾಡುತ್ತಾರೆ. ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿದರೆ ಅದೇ ಕಾವೇರಮ್ಮ. ಮನೆಯವರೆಲ್ಲ ಅಕ್ಕಿ ಹಾಕಿ ಕೈ ಮುಗಿಯುತ್ತಾರೆ. ತಂದ ತೀರ್ಥವನ್ನು ಜೋಪಾನವಾಗಿ ಎತ್ತಿಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಕೊನೆಗಾಲ ಬಂದರೆ ಬಾಯಿಗೆ ಒಂದು ಹನಿ ಬಿಡಬೇಕಲ್ಲ, ಅದಕ್ಕೆ.

ಇನ್ನು ಮುಳುಗುವುದಕ್ಕೂ ಒಂದು ರೀತಿ ಇದೆ. ಹರಿಯುವ ನೀರಲ್ಲಿ ಹರಿವಿಗೆ ಎದುರಾಗಿ ನಿಲ್ಲಬೇಕು. ನಿಂತ ನೀರಾದರೆ ಸೂರ್ಯನ ಕಡೆಗೆ ಮುಖ. ಮೊದಲು ಸಂಕಲ್ಪ, ಆಮೇಲೆ ಮೂರು ಮುಳುಗು, ಬೊಗಸೆಯಲ್ಲಿ ಅರ್ಘ್ಯ. ಹೊಳೆಯಲ್ಲಿ ಉಗುಳಬಾರದು, ಮೈಕೊಳೆ ತಿಕ್ಕಬಾರದು ಅಂತ ಹಿಂದಿನವರೇ ಹೇಳಿಟ್ಟಿದ್ದಾರೆ. ನಾವೋ, ಸೋಪು, ಶಾಂಪೂ ಹಿಡಿದೇ ಇಳಿಯುತ್ತೇವೆ. ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟು ಬರುತ್ತೇವೆ. ಪಾಪ ಹೋಯಿತೋ ಇಲ್ಲವೋ, ಪಂಚೆ ಮಾತ್ರ ಕೆಳಗಿನ ಊರಿನವರ ಪಾಲಾಯಿತು, ಅಲ್ವಾ?

ತಲಕಾವೇರಿಯಲ್ಲಿ ನಿಮಿಷದ ಲೆಕ್ಕ ಇದ್ದರೂ ಪುಣ್ಯದ ಬಾಗಿಲು ಆ ನಿಮಿಷಕ್ಕೇ ಮುಚ್ಚುವುದಿಲ್ಲ. ತುಲಾ ಮಾಸ ಇಡೀ ಸ್ನಾನಕ್ಕೆ ಒಳ್ಳೆಯದು. ಆ ತಿಂಗಳು ಗಂಗೆಯೂ ಬಂದು ಕಾವೇರಿಯಲ್ಲಿ ಮಿಂದು ಹೋಗುತ್ತಾಳಂತೆ. ಜನ ಗಂಗೆಯಲ್ಲಿ ಬಿಟ್ಟುಹೋದ ಪಾಪವನ್ನು ಅವಳೂ ಎಲ್ಲಾದರೂ ತೊಳೆದುಕೊಳ್ಳಬೇಕಲ್ಲ! ಹೊಳೆಗೆ ಹೋಗಲಾಗದವರು ಬಚ್ಚಲಲ್ಲೇ 'ಗಂಗೇ ಚ ಯಮುನೇ ಚೈವ' ಅನ್ನುತ್ತಾರೆ. ಏಳು ನದಿಗಳ ಹೆಸರು ಹೇಳಿ, ಈ ನೀರಿಗೇ ಬನ್ನಿ ಅಂತ ಕರೆಯುವ ಶ್ಲೋಕ ಅದು. ಏಳೂ ಜನ ಒಂದು ಬಕೆಟ್ಟಿಗೆ ಬರುತ್ತಾರೆ.

ಕಾವೇರಿ ಸಮುದ್ರ ಸೇರುವ ಮೊದಲು ತಮಿಳುನಾಡಿನ ಮಯಿಲಾಡುತುರೈ ದಾಟುತ್ತಾಳೆ. ಅಲ್ಲಿಯೂ ತಿಂಗಳಿಡೀ ತುಲಾಸ್ನಾನ. ಕಡೆಯ ದಿನವಂತೂ ಜನಜಾತ್ರೆ. ಮಾರನೇ ದಿನಕ್ಕೂ ಒಂದು ಹೆಸರಿದೆ: 'ಮುಡವನ್ ಮುಳುಕ್ಕು', ಅಂದರೆ ಕುಂಟನ ಮುಳುಗು. ಕಾಲು ಬಾರದ ಒಬ್ಬ ಭಕ್ತ ತುಲಾಸ್ನಾನಕ್ಕೆಂದು ದೂರದಿಂದ ಹೊರಟ. ತೆವಳುತ್ತಾ, ಏಳುತ್ತಾ ಬರುವಷ್ಟರಲ್ಲಿ ತಿಂಗಳು ಮುಗಿದೇ ಹೋಗಿತ್ತು. ಅವನು ಶಿವನ ಮುಂದೆ ಅತ್ತ. ನಾಳೆ ಮುಳುಗು, ಅಷ್ಟೇ ಪುಣ್ಯ ಕೊಡುತ್ತೇನೆ ಅಂದನಂತೆ ಶಿವ.

ಒಬ್ಬನಿಗೆ ಕೊಟ್ಟ ಆ ದಿನವನ್ನು ಮತ್ತೆ ವಾಪಸ್ಸು ತೆಗೆದುಕೊಳ್ಳಲಿಲ್ಲ. ಈಗಲೂ ನವೆಂಬರ್ ನಡುವೆ ಅದು ಬರುತ್ತದೆ. ಕಾಲು ಗಟ್ಟಿ ಇದ್ದೂ ಸುಮ್ನೆ ತಡ ಮಾಡಿದ ನನ್ನಂಥವರಿಗೂ ಅಲ್ಲಿ ಜಾಗ ಸಿಗುತ್ತದೆ.

ನಮಸ್ಕಾರ.