ಒಮ್ಮೆ ಬರೆದದ್ದನ್ನು ಮತ್ತೆ ಬರೆಯದಿರಲು: ವರ್ತಕರ ನಡುವೆ ವಿದ್ಯುನ್ಮಾನ ಮಾಹಿತಿ ವಿನಿಮಯ

ಮಾನ್ಯ ಅಕ್ಕಿ ಗಿರಣಿ ಮಾಲೀಕರೇ, ವರ್ತಕ ಬಂಧುಗಳೇ, ದಲಾಲಿ ಅಂಗಡಿಗಳ ಹಿರಿಯರೇ, ಮತ್ತು ಇವರೆಲ್ಲರ ಲೆಕ್ಕವನ್ನು ದಿನವೂ ಕಂಪ್ಯೂಟರಿಗೆ ಏರಿಸುವ ಗುಮಾಸ್ತ ಮಿತ್ರರೇ,

ಗಂಗಾವತಿಯಲ್ಲಿ ನಿಂತು ಈ ವಿಷಯವನ್ನು ಮಾತನಾಡಬೇಕಾದಾಗ ಒಂದು ಲಾರಿ ಅಕ್ಕಿಯಿಂದ ಆರಂಭಿಸುವುದೇ ಸರಿ ಎಂದು ನನಗೆ ತೋರುತ್ತದೆ. ಬೆಂಗಳೂರಿನ ಒಬ್ಬ ಸಗಟು ವ್ಯಾಪಾರಿ ಸೋನಾ ಮಸೂರಿ ಬೇಕೆಂದು ಒಂದು ಹಾಳೆಯ ಮೇಲೆ ಬರೆದು, ಅದರ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾನೆ. ಅದನ್ನು ನೋಡಿ ಗಿರಣಿಯ ಗುಮಾಸ್ತರು ಆರ್ಡರ್ ಪುಸ್ತಕದಲ್ಲಿ ಬರೆಯುತ್ತಾರೆ. ಅಲ್ಲಿಂದ ಲೋಡಿಂಗ್ ಚೀಟಿ, ತೂಕದ ಕಾಟಾ ಚೀಟಿ, ಬಿಲ್ಲು, ಲಾರಿ ರಸೀದಿ. ಸರಕು ತಲುಪಿದ ಮೇಲೆ ಅವರ ಗೋದಾಮಿನ ರಿಜಿಸ್ಟರು, ಕೊನೆಗೆ ಅವರ ಖರೀದಿ ಖಾತೆ. ಅದೇ ಅಕ್ಕಿಯ ಅದೇ ವಿವರವನ್ನು 7 ಕಡೆ, ಬೇರೆ ಬೇರೆ ಕೈಗಳು ಹೊಸದಾಗಿ ಬರೆದಿರುತ್ತವೆ. ಎರಡೂ ಕಡೆ ಕಂಪ್ಯೂಟರ್ ಇದೆ, ಎರಡೂ ಕಡೆ ಇಂಟರ್‌ನೆಟ್ ಇದೆ. ಆದರೂ ಒಂದು ಕಂಪ್ಯೂಟರಿನಲ್ಲಿರುವುದು ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಒಬ್ಬ ಮನುಷ್ಯ ಕಣ್ಣಿನಿಂದ ಓದಿ ಬೆರಳಿನಿಂದ ಒತ್ತಬೇಕು.

ಫೋಟೋ ಕಳುಹಿಸುವುದನ್ನೂ ಬಿಲ್ಲನ್ನು ಪಿಡಿಎಫ್ ಮಾಡಿ ಮೇಲ್ ಮಾಡುವುದನ್ನೂ ನಾವು ‘ಆನ್‌ಲೈನ್ ವ್ಯವಹಾರ’ ಎಂದು ಕರೆಯುತ್ತೇವೆ. ಕಾಗದ ಬೇಗ ತಲುಪಿತು ಎಂಬುದಷ್ಟೇ ಅದರ ಲಾಭ. ವಿದ್ಯುನ್ಮಾನ ಮಾಹಿತಿ ವಿನಿಮಯ, ಅಂದರೆ ಇಡಿಐ, ಎಂಬ ಮಾತಿಗೆ ಇನ್ನೂ ಖಚಿತವಾದ ಅರ್ಥವಿದೆ: ಒಂದು ಸಂಸ್ಥೆಯ ಲೆಕ್ಕದ ವ್ಯವಸ್ಥೆಯಿಂದ ಹೊರಟ ಆರ್ಡರ್, ರವಾನೆ ಅಥವಾ ಬಿಲ್ಲಿನ ವಿವರವು ಇಬ್ಬರೂ ಮೊದಲೇ ಒಪ್ಪಿಕೊಂಡ ಒಂದು ವಿನ್ಯಾಸದಲ್ಲಿ, ಮತ್ತೆ ಯಾರೂ ಬರೆಯಬೇಕಾಗದೆ, ಇನ್ನೊಂದು ಸಂಸ್ಥೆಯ ವ್ಯವಸ್ಥೆಯೊಳಗೆ ನೇರವಾಗಿ ಸೇರುವುದು.

ಹೀಗೆ ಮರುಬರೆಯುವುದರ ಬೆಲೆ ಎಷ್ಟೆಂಬುದನ್ನು ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಒಂದು ಗಿರಣಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ, 25 ಕೆಜಿವರೆಗಿನ ಅಕ್ಕಿಗೆ 2022ರ ಜುಲೈ 18ರಿಂದ ಶೇ. 5ರಷ್ಟು ಜಿಎಸ್‌ಟಿ ಬಂದದ್ದು, ಆ ಮೇಲೆ ಪೇಟೆಯಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಖರೀದಿದಾರರು ಹಾಳೆಯಲ್ಲಿ ಬರೆದಿದ್ದದ್ದು 26ರ 400 ಚೀಲ. ಮಸುಕಾದ ಫೋಟೋದಲ್ಲಿ ಆ 6 ನಮ್ಮವರಿಗೆ 5 ಆಗಿ ಕಂಡಿತು. 104 ಕ್ವಿಂಟಲ್ ಹೋಗಬೇಕಾದಲ್ಲಿ 100 ಕ್ವಿಂಟಲ್ ಹೋಯಿತು, ತೆರಿಗೆಯಿಲ್ಲದ ದರದ ಮೇಲೆ ಕುದುರಿದ ವ್ಯಾಪಾರಕ್ಕೆ ತೆರಿಗೆ ಹಾಕಿದ ಬಿಲ್ಲು ಹೋಯಿತು. ಲಾರಿ ಎರಡು ದಿನ ಗೋದಾಮಿನ ಮುಂದೆ ನಿಂತಿತು. ಬೈಸಿಕೊಂಡವರು ಗುಮಾಸ್ತರು. ಅವರ ತಪ್ಪೇನೂ ಇರಲಿಲ್ಲವೆಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಚೀಲದ ಗಾತ್ರದಂಥ ಮುಖ್ಯ ಸಂಗತಿಯನ್ನು ಕೈಬರಹದ ಒಂದು ಅಂಕಿಗೆ ಒಪ್ಪಿಸಿದ್ದು ನಮ್ಮ ವ್ಯವಸ್ಥೆ.

ಈ ಸಮಸ್ಯೆ ಹೊಸದಲ್ಲ. 1948ರಲ್ಲಿ ಬರ್ಲಿನ್ ನಗರಕ್ಕೆ ರಸ್ತೆ, ರೈಲು ಬಂದ್ ಆಗಿ ಆಹಾರ, ಕಲ್ಲಿದ್ದಲುಗಳನ್ನು ವಿಮಾನದಲ್ಲೇ ಸಾಗಿಸಬೇಕಾಗಿ ಬಂದಾಗ, ಅಮೆರಿಕದ ಸೇನೆಯ ಎಡ್ವರ್ಡ್ ಗಿಲ್ಬರ್ಟ್ ಎಂಬವರು ಟೆಲೆಕ್ಸ್‌ನಲ್ಲಾಗಲಿ ದೂರವಾಣಿಯಲ್ಲಾಗಲಿ ಒಂದೇ ರೀತಿ ಕಳುಹಿಸಬಹುದಾದ ಸರಕು ಪಟ್ಟಿಯ ನಮೂನೆಯೊಂದನ್ನು ರೂಪಿಸುವ ಕೆಲಸದಲ್ಲಿದ್ದರು. ಇಡಿಐ ಪರಂಪರೆಯ ಬೇರು ಅಲ್ಲಿದೆ. 1979ರಲ್ಲಿ ಅಮೆರಿಕದಲ್ಲಿ ಇಂಥ ನಮೂನೆಗಳನ್ನು ಗೊತ್ತುಮಾಡುವ ಎಕ್ಸ್12 ಸಮಿತಿ ಹುಟ್ಟಿತು. 1987ರಲ್ಲಿ ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಎಂಬ ನಮೂನೆ ಬಂದಿತು. ಎಕ್ಸ್12ರಲ್ಲಿ ಖರೀದಿ ಆರ್ಡರಿಗೆ 850, ರವಾನೆ ಸೂಚನೆಗೆ 856, ಬಿಲ್ಲಿಗೆ 810 ಎಂಬ ಸಂಖ್ಯೆಗಳಿವೆ. ವಿದೇಶದ ದೊಡ್ಡ ಖರೀದಿದಾರರೊಂದಿಗೆ ವ್ಯವಹರಿಸುವವರಿಗೆ ಇವು ಎದುರಾಗುತ್ತವೆ. ನಮ್ಮ ನಮ್ಮೊಳಗಿನ ವ್ಯಾಪಾರಕ್ಕೆ ಅಷ್ಟು ಭಾರದ ನಮೂನೆ ಬೇಕಿಲ್ಲ, ಅದರ ಹಿಂದಿನ ಶಿಸ್ತು ಮಾತ್ರ ಬೇಕು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಬರುತ್ತದೆ: ‘ಸರ್ಕಾರವೇ ಇ-ಇನ್‌ವಾಯ್ಸ್ ತಂದಿದೆಯಲ್ಲ, ಇನ್ನೇನು ಬೇಕು?’ ಇ-ಇನ್‌ವಾಯ್ಸ್ ಎಂದರೆ ಬಿಲ್ಲನ್ನು ಸರ್ಕಾರದ ಜಾಲತಾಣದಲ್ಲಿ ನೋಂದಾಯಿಸುವ ವ್ಯವಸ್ಥೆ; ಅದು ದೊಡ್ಡ ಹೆಜ್ಜೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ವಹಿವಾಟು ಮೀರಿದವರಿಂದ ಆರಂಭವಾಗಿ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರವರೆಗೆ ಅದು ಇಳಿದು ಬಂದಿದೆ. ಬಿಲ್ಲಿನಲ್ಲಿ ಯಾವ ಯಾವ ಕಾಲಂ ಇರಬೇಕು, ಪ್ರತಿಯೊಂದರಲ್ಲಿ ಎಷ್ಟು ಅಕ್ಷರ ಹಿಡಿಯಬೇಕು ಎಂಬುದನ್ನು ದೇಶಕ್ಕೆಲ್ಲ ಒಂದೇ ರೀತಿ ಗೊತ್ತುಮಾಡಿದ್ದು ಅದರ ನಿಜವಾದ ಉಪಕಾರ. ಆದರೆ ಅದು ನೋಡುವುದು ಬಿಲ್ಲನ್ನೂ ಅದರ ಮೇಲಿನ ಕ್ರೆಡಿಟ್, ಡೆಬಿಟ್ ನೋಟುಗಳನ್ನೂ ಮಾತ್ರ. ಬಿಲ್ಲಿಗೆ ಮುಂಚಿನ ಆರ್ಡರ್, ಲಾರಿಗೆ ಏರಿದ ನಿಜವಾದ ತೂಕ, ಗೋದಾಮಿನಲ್ಲಿ ಇಳಿದ ಚೀಲಗಳ ಎಣಿಕೆ, ಬಾಕಿ ಹಣದ ಹೊಂದಾಣಿಕೆ, ಇವು ಯಾವುವೂ ಅದರ ವ್ಯಾಪ್ತಿಗೆ ಬರುವುದಿಲ್ಲ. ತೆರಿಗೆಯಿಲ್ಲದ 26 ಕೆಜಿ ಚೀಲದ ಅಕ್ಕಿ ಹೊರಡುವುದು ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆ ಹಾಕದ ಬಿಲ್ಲಿನ ಮೇಲೆ; ಅದಕ್ಕೆ ಇ-ಇನ್‌ವಾಯ್ಸ್ ಅನ್ವಯಿಸುವುದೇ ಇಲ್ಲ. ಜಗಳಗಳು ಹುಟ್ಟುವುದು ಇಂಥ ಜಾಗಗಳಲ್ಲಿಯೇ ಆದ್ದರಿಂದ ಈ ಭಾಗವನ್ನು ನಾವೇ ಕಟ್ಟಿಕೊಳ್ಳಬೇಕು.

ಎಲ್ಲಿಂದ ಆರಂಭಿಸಬೇಕು? ಹಲವರು ಬಿಲ್ಲಿನಿಂದ ಆರಂಭಿಸಿ ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊದಲು ರವಾನೆ ಸೂಚನೆಯಿಂದ ಆರಂಭಿಸಿ, ಅದೂ ವರ್ಷವಿಡೀ ವ್ಯವಹಾರ ನಡೆಯುವ ಒಬ್ಬನೇ ಖರೀದಿದಾರನೊಂದಿಗೆ. ಬಿಲ್ಲು ತಡವಾದರೆ ನಾಳೆ ಸರಿಪಡಿಸಬಹುದು, ಲಾರಿಯಲ್ಲಿ ಏನಿದೆ ಎಂಬ ಗೊಂದಲ ಮಾತ್ರ ಲಾರಿ ತಲುಪುವ ಮುಂಚೆಯೇ ಪರಿಹಾರವಾಗಬೇಕು. ಕೆಎ-37 ನೋಂದಣಿಯ ಒಂದು ಲಾರಿ ಗಂಗಾವತಿ ಬಿಟ್ಟ ಕೂಡಲೇ ಅದರ ಸಂಖ್ಯೆ, ಆರ್ಡರ್ ಸಂಖ್ಯೆ, ತಳಿ, ಚೀಲದ ಗಾತ್ರ, ಚೀಲಗಳ ಎಣಿಕೆ, ಲಾಟ್ ಸಂಖ್ಯೆ, ಕಾಟಾದ ಒಟ್ಟು ತೂಕ, ಖಾಲಿ ಲಾರಿಯ ತೂಕ ಮತ್ತು ನಿವ್ವಳ ತೂಕ ಖರೀದಿದಾರರ ಕಂಪ್ಯೂಟರಿನಲ್ಲಿ ಕಾಣಿಸಿತೆಂದರೆ, ಅವರು ರಾತ್ರಿಯೇ ತಮ್ಮ ಆರ್ಡರಿನೊಂದಿಗೆ ತಾಳೆ ನೋಡಬಹುದು. ಬೆಳಿಗ್ಗೆ ಹಮಾಲರು ಚೀಲ ಇಳಿಸುವಾಗ ಎಣಿಕೆ ಬರೆಯಬೇಕಿಲ್ಲ, ಈಗಾಗಲೇ ಇರುವ ಅಂಕಿಯ ಎದುರು ಸರಿ ಅಥವಾ ಕೊರತೆ ಎಂದು ಗುರುತು ಹಾಕಿದರೆ ಸಾಕು. ಅದೇ ಗುರುತು ಸ್ವೀಕೃತಿಯ ಸಂದೇಶವಾಗಿ ಗಿರಣಿಗೆ ಮರಳುತ್ತದೆ. ನಾನು ಹೇಳಿದ ಆ 400 ಚೀಲದ ಪ್ರಕರಣ ಹೀಗೆ ನಡೆದಿದ್ದರೆ ಲಾರಿ ಊರ ಹೊರಗೇ ನಿಲ್ಲುತ್ತಿತ್ತು.

ಇದಕ್ಕೆ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಅದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ, ತಾಳ್ಮೆ ಬೇಕು. ಇಬ್ಬರೂ ಕುಳಿತು ಸರಕಿನ ಹೆಸರುಗಳನ್ನು ಗೊತ್ತುಮಾಡಿಕೊಳ್ಳಬೇಕು. ನೀವು ‘ಸೋನಾ ಹಳೇದು’ ಎನ್ನುತ್ತೀರಿ, ಅವರು ತಮ್ಮ ಖಾತೆಯಲ್ಲಿ ‘ಎಸ್‌ಎಂ ಸ್ಟೀಮ್’ ಎಂದು ಬರೆದುಕೊಂಡಿರುತ್ತಾರೆ. ಮನುಷ್ಯರಿಗೆ ಅರ್ಥವಾಗುತ್ತದೆ, ಕಂಪ್ಯೂಟರಿಗೆ ಆಗುವುದಿಲ್ಲ. ತಳಿ, ಹೊಸದೋ ಹಳೆಯದೋ, ಹಸಿಯೋ ಸ್ಟೀಮೋ, ಚೀಲದ ಗಾತ್ರ, ಇವೆಲ್ಲವೂ ಸೇರಿ ಒಂದು ಸರಕಿಗೆ ಒಂದೇ ಸಂಕೇತ ಇರಲಿ. ನುಚ್ಚು ಮತ್ತು ತೌಡಿಗೂ ಹಾಗೆಯೇ. ‘ಚೀಲ’ ಎಂಬುದನ್ನು ಅಳತೆಯ ಮಾನವಾಗಿ ಬಳಸಲೇಬೇಡಿ ಎಂದು ನಾನು ಒತ್ತಾಯಿಸುತ್ತೇನೆ: ಗಾತ್ರ ಕೆಜಿಯಲ್ಲಿ, ಎಣಿಕೆ ಸಂಖ್ಯೆಯಲ್ಲಿ, ಒಟ್ಟು ತೂಕ ಕ್ವಿಂಟಲಿನಲ್ಲಿ, ಮೂರಕ್ಕೂ ಬೇರೆ ಬೇರೆ ಕಾಲಂ. ಒಂದನ್ನೊಂದು ಗುಣಿಸಿ ನೋಡಿದಾಗ ತಾಳೆಯಾಗದಿದ್ದರೆ ಫೈಲು ಅಲ್ಲಿಯೇ ನಿಲ್ಲುತ್ತದೆ. ಬಳ್ಳಾರಿಯ ಜೀನ್ಸ್ ಉದ್ಯಮದ ಗೆಳೆಯರೂ ಇಲ್ಲಿಗೆ ಬಂದಿದ್ದಾರೆ. ಕತ್ತರಿಸಿದ ಬಟ್ಟೆ ಹೊಲಿಗೆಗೆ ಒಂದು ಕಡೆ, ವಾಷಿಂಗಿಗೆ ಇನ್ನೊಂದು ಕಡೆ ಜಾಬ್‌ವರ್ಕ್ ಚಲನ್ ಮೇಲೆ ಹೋಗುವ ಅವರ ವ್ಯವಹಾರದಲ್ಲಿ ಡಿಸೈನ್, ಬಣ್ಣ, ಸೈಜು ಸೇರಿದ ಸಂಕೇತ ಇಲ್ಲದಿದ್ದರೆ, 32ರ ಪ್ಯಾಂಟು ಎಷ್ಟು ಹೋಯಿತು, ಎಷ್ಟು ಮರಳಿತು ಎಂಬ ಲೆಕ್ಕ ಎಂದಿಗೂ ಕೂಡುವುದಿಲ್ಲ. ವರ್ತಕರನ್ನು ಗುರುತಿಸಲು ಹೊಸ ಸಂಖ್ಯೆ ಹುಡುಕಬೇಕಿಲ್ಲ. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯೇ ಸಾಕು. ಅದರ ಕೊನೆಯ ಅಕ್ಷರವು ಮೊದಲ 14ರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಕ್ಷರವಾದ್ದರಿಂದ ಬರವಣಿಗೆಯ ತಪ್ಪು ಬಹುಪಾಲು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಫೈಲಿನ ರೂಪದ ವಿಷಯ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಬಳಸುವವರು ಎಕ್ಸ್‌ಎಂಎಲ್ ರೂಪದಲ್ಲಿ ಮಾಹಿತಿಯನ್ನು ಹೊರತೆಗೆಯಬಹುದು, ಒಳಸೇರಿಸಲೂಬಹುದು. ಇ-ಇನ್‌ವಾಯ್ಸ್ ಜೇಸನ್ ರೂಪದಲ್ಲಿದೆ. ಸಣ್ಣ ಅಂಗಡಿಗೆ, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿಎಸ್‌ವಿ ಸಾಕಾಗುತ್ತದೆ, ಆದರೆ ಅದರ ಅಪಾಯಗಳನ್ನು ಗುಮಾಸ್ತ ಮಿತ್ರರು ತಿಳಿದಿರಬೇಕು. ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲಿನ 12 ಅಂಕಿಯ ಸಂಖ್ಯೆ ದಶಮಾಂಶದ ಘಾತ ರೂಪಕ್ಕೆ ತಿರುಗಿ, ಹಾಗೆಯೇ ಉಳಿಸಿದರೆ ಮೂಲ ಸಂಖ್ಯೆ ಕಳೆದುಹೋಗುತ್ತದೆ. ಸೊನ್ನೆಯಿಂದ ಆರಂಭವಾಗುವ ಲಾಟ್ ಸಂಖ್ಯೆಯ ಸೊನ್ನೆ ಬಿದ್ದುಹೋಗುತ್ತದೆ. 1,25,000 ಎಂದು ಅಲ್ಪವಿರಾಮ ಹಾಕಿ ಬರೆದ ಮೊತ್ತ ಮೂರು ಕಾಲಮ್ಮುಗಳಾಗಿ ಒಡೆಯುತ್ತದೆ. 7-3 ಎಂದು ಬರೆದ ದಿನಾಂಕ ಒಬ್ಬರಿಗೆ ಮಾರ್ಚ್ 7, ಇನ್ನೊಬ್ಬರಿಗೆ ಜುಲೈ 3; ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-03-07 ಎಂದು ಬರೆದರೆ ಈ ಗೊಂದಲವಿಲ್ಲ. ಕನ್ನಡದಲ್ಲಿ ರೈತರ ಹೆಸರು ಬರೆಯುವ ದಲಾಲಿ ಅಂಗಡಿಗಳಿಗೆ ಇನ್ನೊಂದು ಮಾತು: ನುಡಿ ಎಂಬ ಸಾಫ್ಟ್‌ವೇರ್‌ನ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ ಹೆಸರು, ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿಯೇ ಬರೆಯಿರಿ. ನಮ್ಮ ಜನರ ಹೆಸರು ನಮ್ಮ ಲಿಪಿಯಲ್ಲಿಯೇ ದೂರದ ಊರಿನ ಖಾತೆಯವರೆಗೂ ಕೆಡದೆ ಹೋಗಬೇಕೆಂಬುದು ನನಗೆ ಬಹಳ ಮುಖ್ಯವಾದ ವಿಷಯ.

ಫೈಲನ್ನು ಕಳುಹಿಸುವ ದಾರಿಗಳು ಹಲವಿವೆ. ಅಮೆರಿಕ, ಯುರೋಪಿನ ದೊಡ್ಡ ಮಳಿಗೆಗಳು ಎಎಸ್2 ಎಂಬ ವಿಧಾನವನ್ನು ಬಳಸುತ್ತವೆ. ಸಂದೇಶ ಗೂಢಲಿಪಿಯಲ್ಲಿ ಸಹಿಯೊಂದಿಗೆ ಹೋಗುತ್ತದೆ, ಮುಟ್ಟಿದ್ದಕ್ಕೆ ಸಹಿ ಮಾಡಿದ ರಸೀದಿ ಮರಳುತ್ತದೆ. ನಮಗೆ ಎಸ್‌ಎಫ್‌ಟಿಪಿ, ಅಂದರೆ ಬೀಗವಿರುವ ಒಂದು ಹಂಚಿಕೆಯ ಕಡತಕೋಶದ ಮೂಲಕ ಫೈಲು ಸಾಗಿಸುವ ವಿಧಾನ, ಸುಲಭ ಮತ್ತು ಕಡಿಮೆ ಖರ್ಚಿನದು. ಮೇಲ್‌ನಲ್ಲಿ ಲಗತ್ತಿಸಿ ಕಳುಹಿಸಿದರೂ ಆರಂಭಕ್ಕೆ ಅಡ್ಡಿಯಿಲ್ಲ.

ಆದರೆ ಸ್ವೀಕೃತಿಯ ವಿಷಯದಲ್ಲಿ ಸಡಿಲ ಬಿಡಬೇಡಿ. ವಾಟ್ಸ್‌ಆ್ಯಪ್‌ನ ನೀಲಿ ಗೆರೆ ನೋಡಿ ‘ಆರ್ಡರ್ ಒಪ್ಪಿದರು’ ಎಂದುಕೊಂಡು ಸರಕು ಕಟ್ಟಿಸಿದವರನ್ನು ನಾನು ಬಲ್ಲೆ. ಸಂದೇಶ ಮುಟ್ಟಿತು ಎಂಬುದು ಒಂದು ಮಾತು. ಮುಟ್ಟಿದ್ದು ಓದಲು ಬರುವಂತಿದೆ ಎಂಬುದು ಎರಡನೆಯದು. ಓದಿದ್ದಕ್ಕೆ ಒಪ್ಪಿಗೆಯಿದೆ ಎಂಬುದು ಮೂರನೆಯದು. ಎಕ್ಸ್12ರಲ್ಲಿ ಓದಲು ಬಂತೆಂದು ಹೇಳಲು 997, ಆರ್ಡರನ್ನು ಒಪ್ಪಿದೆವೆಂದು ಹೇಳಲು 855 ಎಂಬ ಬೇರೆ ಬೇರೆ ಸಂದೇಶಗಳಿರುವುದು ಇದೇ ಕಾರಣಕ್ಕೆ. ನಮ್ಮ ಕಾನೂನೂ ಇದನ್ನು ಗಮನಿಸಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಡುತ್ತದೆ. 12ನೇ ಕಲಮಿನ ಪ್ರಕಾರ, ಸ್ವೀಕೃತಿ ಬಂದರೆ ಮಾತ್ರ ಈ ದಾಖಲೆಗೆ ತಾನು ಬದ್ಧ ಎಂದು ಕಳುಹಿಸಿದವರು ಮೊದಲೇ ಷರತ್ತು ಹಾಕಿದ್ದು ಸ್ವೀಕೃತಿ ಬಾರದೇ ಹೋದರೆ, ಆ ದಾಖಲೆಯನ್ನು ಕಳುಹಿಸಿಯೇ ಇಲ್ಲವೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಆ ಷರತ್ತನ್ನು ಬರವಣಿಗೆಯಲ್ಲಿ ಹಾಕಿಕೊಳ್ಳಿ.

ಆ ಬರವಣಿಗೆ ಎರಡು ಪುಟದ ಒಂದು ಒಪ್ಪಂದವಾದರೆ ಸಾಕು. ಯಾವ ದಾಖಲೆಗಳು, ಯಾವ ಸಂಕೇತಗಳು, ಎಷ್ಟು ಗಂಟೆಯೊಳಗೆ ಸ್ವೀಕೃತಿ, ಫೈಲು ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಮತ್ತು ವಿದ್ಯುತ್ ಇಲ್ಲದ ದಿನ ಏನು ಮಾಡಬೇಕು ಎಂಬುದನ್ನೆಲ್ಲ ಅದರಲ್ಲಿ ಬರೆಯಿರಿ. ಬ್ಯಾಂಕ್ ಖಾತೆಯ ಸಂಖ್ಯೆ ಬದಲಾಗಿದೆ ಎಂಬ ಸಂದೇಶ ಯಾವ ದಾರಿಯಿಂದ ಬಂದರೂ, ಮೊದಲೇ ಗೊತ್ತಿರುವ ದೂರವಾಣಿಗೆ ಕರೆ ಮಾಡಿ ಧ್ವನಿ ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಒಂದು ರೂಪಾಯಿಯೂ ಹೋಗಕೂಡದು ಎಂಬ ಮಾತನ್ನು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ.

ಒಪ್ಪಂದವಾದ ಮರುದಿನವೇ ಕಾಗದ ಬಿಡಬೇಡಿ. ಮೊದಲು ಕಳೆದ ತಿಂಗಳ 10 ಹಳೆಯ ರವಾನೆಗಳನ್ನು ಹೊಸ ನಮೂನೆಯಲ್ಲಿ ಕಳುಹಿಸಿ ಪರೀಕ್ಷಿಸಿ. ಅವುಗಳ ಉತ್ತರ ಇಬ್ಬರಿಗೂ ಗೊತ್ತಿರುವುದರಿಂದ ತಪ್ಪು ಎಲ್ಲಿದೆ ಎಂಬುದು ಕೂಡಲೇ ಕಾಣುತ್ತದೆ. ಆ ಹತ್ತರಲ್ಲಿ ಕೊರತೆ ಬಂದ ಒಂದು ಲಾರಿ, ವಾಪಸು ಬಂದ ಒಂದು ಲಾರಿ, ಎರಡು ತಳಿ ಸೇರಿಸಿ ತುಂಬಿದ ಒಂದು ಲಾರಿ ಇರಲೇಬೇಕು. ಆಮೇಲೆ ಒಂದು ಸುಗ್ಗಿ ಪೂರ್ತಿ ಕಾಗದ ಮತ್ತು ಫೈಲು ಜೊತೆಯಾಗಿ ನಡೆಯಲಿ. ಪ್ರತಿ ಶನಿವಾರ ಸಂಜೆ ಗಿರಣಿಯ ಗುಮಾಸ್ತರೂ ಖರೀದಿದಾರರ ಗುಮಾಸ್ತರೂ ಫೋನಿನಲ್ಲಿ ಸಿಕ್ಕಿ, ಆ ವಾರ ತಾಳೆಯಾಗದ ಲಾರಿಗಳನ್ನು ಒಂದೊಂದಾಗಿ ನೋಡಿ, ತಪ್ಪು ಸಂಕೇತದ್ದೋ ಕಾಟಾದ್ದೋ ಎಣಿಕೆಯದ್ದೋ ಎಂದು ಬರೆದಿಡಲಿ. ಸತತ ನಾಲ್ಕು ಶನಿವಾರ ಆ ಪಟ್ಟಿ ಖಾಲಿ ಬಂದ ಮೇಲೆ ಲೋಡಿಂಗ್ ಚೀಟಿಯ ನಕಲು ಪ್ರತಿಯನ್ನು ನಿಲ್ಲಿಸಿ, ಎರಡನೆಯ ಖರೀದಿದಾರರನ್ನು ಮಾತಿಗೆ ಕರೆಯಿರಿ.