ಮುಚ್ಚದ ಬಾಗಿಲು

ಕೇಳುಗರೇ, ನಮಸ್ಕಾರ. ಮೊದಲೇ ಮಂಗ, ಅದಕ್ಕೆ ಹೆಂಡ ಕುಡಿಸಿ ಚೇಳು ಬೇರೆ ಕಡಿಸಿದರು ಅಂತ ಗಾದೆ ಇದೆಯಲ್ವಾ? ಚೇಳು ಕಡಿದವರ ಆ ಕುಣಿತ ಶುರುವಾಗುವುದು ನರದೊಳಗೆ.

ನಮ್ಮ ಕಡೆಯ ಕೆಂಪು ಚೇಳನ್ನೇ ತೆಗೆದುಕೊಳ್ಳಿ. ದಪ್ಪ ಕಪ್ಪು ಚೇಳು ಕಂಡರೆ ನಾವು ಹೌಹಾರುತ್ತೇವೆ. ನಿಜಕ್ಕೂ ಹೆದರಬೇಕಾದ್ದು ಬೆರಳುದ್ದದ ಈ ಕೆಂಪಿಗೆ.

ನರಕೋಶದ ಗೋಡೆಯಲ್ಲಿ ಪುಟ್ಟ ಪುಟ್ಟ ಬಾಗಿಲುಗಳಿವೆ. ಅಯಾನ್ ಚಾನಲ್ ಅಂತಾರೆ. ಕೋಶದ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಬಿಸಿ ಪಾತ್ರೆಗೆ ಕೈ ತಾಗಿತು ಅನ್ನಿ. ಸೋಡಿಯಂ ಬಾಗಿಲು ತೆರೆಯಿತು, ಸೋಡಿಯಂ ಒಳಗೆ ನುಗ್ಗಿತು, ನರ "ಉರಿ" ಅಂದಿತು. ಒಂದೆರಡು ಮಿಲಿಸೆಕೆಂಡಿನಲ್ಲಿ ಬಾಗಿಲು ತಾನಾಗಿ ಮುಚ್ಚಿತು. ಪೊಟ್ಯಾಸಿಯಂ ಹೊರಗೆ ಹೋಯಿತು, ನರ ಸುಮ್ಮನಾಯಿತು.

ಚೇಳಿನ ವಿಷ ಬಾಗಿಲನ್ನು ಒಡೆಯುವುದಿಲ್ಲ. ಹೊರಗಿನಿಂದ ಬಂದು ಸೋಡಿಯಂ ಬಾಗಿಲು ಮುಚ್ಚದಂತೆ ಕದಕ್ಕೆ ಬೆಣೆ ಸಿಕ್ಕಿಸುತ್ತದೆ, ಅಷ್ಟೇ. ಒಂದು ಸಲ "ಉರಿ" ಅನ್ನಬೇಕಿದ್ದ ನರ ಉರಿ, ಉರಿ, ಉರಿ ಅಂತ ಕೂಗುತ್ತಲೇ ಇರುತ್ತದೆ.

ಬರೀ ನೋವಾಗಿದ್ದರೆ ಹಲ್ಲು ಕಚ್ಚಿ ತಡೆದುಕೊಳ್ಳಬಹುದಿತ್ತು. ನಮ್ಮ ಅಪ್ಪಣೆ ಕಾಯದೆ ಹೃದಯ, ರಕ್ತನಾಳ ನೋಡಿಕೊಳ್ಳುವ ನರಗಳೂ ಹೀಗೇ ಕೂಗತೊಡಗುತ್ತವೆ. ಅಡ್ರಿನಲಿನ್ ಎಂಬ ಹಾರ್ಮೋನು ಸುರಿಯುತ್ತದೆ. ಮೈಯೆಲ್ಲ ಬೆವರು, ಕೈಕಾಲು ಮಾತ್ರ ಮಂಜುಗಡ್ಡೆ. ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಹೃದಯ ಸೋತರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಕ್ಕಳಿಗಂತೂ ಅಪಾಯ ಜಾಸ್ತಿ.

ಪಕ್ಕದ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಇಂಥ ರೋಗಿಗಳನ್ನು ವರ್ಷಗಟ್ಟಲೆ ನೋಡಿದರು. 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಬಿಪಿ ಮಾತ್ರೆ ಕೊಡತೊಡಗಿದರು. ಸಾವು ತೀರಾ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನಗೆ ಸೋಜಿಗವೆಂದರೆ, ಆ ಮಾತ್ರೆ ನರದ ಬಾಗಿಲ ಹತ್ತಿರವೂ ಸುಳಿಯುವುದಿಲ್ಲ. ಬೆಣೆ ಅಲ್ಲೇ ಇರುತ್ತದೆ, ನರ ಕೂಗುತ್ತಲೇ ಇರುತ್ತದೆ. ಮಾತ್ರೆ ರಕ್ತನಾಳದ ಕಿವಿಗೆ ಹತ್ತಿ ಇಡುತ್ತದೆ! ನಾಳ ಸಡಿಲವಾಗುತ್ತದೆ, ಹೃದಯದ ಹೊರೆ ಇಳಿಯುತ್ತದೆ. ಹಾಗಂತ ಮನೆಯಲ್ಲೇ ನುಂಗಿಬಿಡಬೇಡಿ. ಬಿಪಿ ದಿಢೀರ್ ಕುಸಿದೀತು. ನೇರ ಆಸ್ಪತ್ರೆಗೆ ಓಡಿ.

ಇದೇ ಚೇಳಿನ ಕೊಂಡಿಯಲ್ಲಿ ಐಬೀರಿಯೋಟಾಕ್ಸಿನ್ ಅಂತ ಇನ್ನೊಂದು ವಿಷವೂ ಇದೆ. 37 ಅಮೈನೋ ಆಮ್ಲಗಳ ಪುಟ್ಟ ಸರ. ಅದರ ಕೆಲಸ ಬೆಣೆಯದ್ದಲ್ಲ, ಬಿರಡೆಯದ್ದು. ಒಂದೇ ಒಂದು ಬಗೆಯ ಪೊಟ್ಯಾಸಿಯಂ ಬಾಗಿಲನ್ನು ಹುಡುಕಿ ಬಾಯಿ ಮುಚ್ಚುತ್ತದೆ. ಹಾಗಾಗಿ ಲ್ಯಾಬಿನವರಿಗೆ ಇದು ಬಲು ಅಚ್ಚುಮೆಚ್ಚು. ಕೋಶದಲ್ಲಿ ಕರೆಂಟು ಹರಿಯುತ್ತಿರುವುದು ಯಾವ ಬಾಗಿಲಿನಿಂದ ಅಂತ ಗೊತ್ತಾಗದಿದ್ದಾಗ ಇದನ್ನು ಚೂರು ಹಾಕಿ ನೋಡುತ್ತಾರೆ. ನಿಂತರೆ, ಅದೇ ಬಾಗಿಲು.