ನಿಮ್ಮ ಇನ್‌ಸ್ಟಾ ಜಾಹೀರಾತಿಗೆ ಗುರುಪುರ ಹೊಳೆ ಕಾಣುದಿಲ್ಲ!

ನಮಸ್ಕಾರ. ಮನೆಯಲ್ಲೇ ಕೂತು ಚೂಡಿದಾರ್, ಮಕ್ಕಳ ಡ್ರೆಸ್ಸು, ಕೇಕು ಮಾರುವವರು ನಮ್ಮಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದುಂಟು. ಮಂಗಳೂರಿನ ಹಂಪನಕಟ್ಟೆಯಲ್ಲಿ ಅಜ್ಜನ ಕಾಲದಿಂದ ಇರುವ ಬಟ್ಟೆ ಅಂಗಡಿ. ಅದರ ಎದುರು, ದಿನಕ್ಕೆ 200 ರೂಪಾಯಿಯ ಇನ್‌ಸ್ಟಾಗ್ರಾಂ ಜಾಹೀರಾತು ಹಾಕಿ ನಾವು ನಿಲ್ಲಲಿಕ್ಕೆ ಆಗ್ತದಾ?

ಆಗ್ತದೆ. ಎಲ್ಲಿ ಆಗ್ತದೆ ಅಂತ ತಿಳಿಯಲಿಕ್ಕೆ ಹೊಳೆಯ ಹತ್ತಿರ ಹೋಗಬೇಕು.

ಪೇಜ್ ಮಾಡುದು ಹೇಗೆ, ಬೂಸ್ಟ್ ಒತ್ತುದು ಎಲ್ಲಿ, ಅದೆಲ್ಲ ನಿಮಗೆ ಗೊತ್ತುಂಟು, ಬಿಡುವ. ಒಂದು ಮಾತ್ರ ಹೇಳ್ತೇನೆ. ಯಾರದಾದ್ರೂ ಫೋನಿನಲ್ಲಿ ಜಾಹೀರಾತಿಗೆ ಜಾಗ ಸಿಕ್ಕಿದಾಗೆಲ್ಲ ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪೆನಿ ಒಳಗೊಳಗೇ ಒಂದು ಏಲಂ ಮಾಡ್ತದೆ. ದಕ್ಕೆಯಲ್ಲಿ ಮೀನಿನ ಏಲಂ ಆದ್ರೆ ಹೆಚ್ಚು ಕೂಗಿದವರಿಗೆ ಬುಟ್ಟಿ. ಇಲ್ಲಿ ನೀವು ಕೂಗಿದ ದುಡ್ಡನ್ನು, ಆ ವ್ಯಕ್ತಿ ನಿಮ್ಮ ಜಾಹೀರಾತು ಒತ್ತುವ ಸಾಧ್ಯತೆಯಿಂದ ಗುಣಿಸ್ತಾರೆ. ಅದಕ್ಕೆ ಜಾಹೀರಾತಿನ ಗುಣಮಟ್ಟವನ್ನೂ ಸೇರಿಸ್ತಾರೆ. ಹಾಗಾಗಿ ದೊಡ್ಡ ಅಂಗಡಿಯ ಆಟಿ ತಿಂಗಳ ಸೇಲ್ ಪೋಸ್ಟರನ್ನು, ಬಟ್ಟೆ ಕೈಯಲ್ಲಿ ಹಿಡಿದು ನೀವು ತುಳುವಿನಲ್ಲಿ ಮಾತಾಡಿದ ಇಪ್ಪತ್ತು ಸೆಕೆಂಡಿನ ರೀಲ್ ಕಡಿಮೆ ದುಡ್ಡಿಗೆ ಹಿಂದೆ ಹಾಕಬಹುದು. ಸಣ್ಣವರಿಗೆ ಬಾಗಿಲು ತೆರೆಯುದೇ ಇಲ್ಲಿ.

(ಸ್ಕ್ರೀನ್ ಮೇಲೆ: ಮಂಗಳೂರಿನ ಮ್ಯಾಪ್)

ಈಗ ನನಗೆ ತುಂಬ ಇಷ್ಟದ ಭಾಗ. ಜಾಹೀರಾತು ಯಾರಿಗೆ ಕಾಣಬೇಕು ಅಂತ ಹೇಳಲಿಕ್ಕೆ ಮ್ಯಾಪಿನಲ್ಲಿ ಒಂದು ಪಿನ್ ಚುಚ್ಚಿ ಸುತ್ತ ವೃತ್ತ ಎಳೀಬೇಕು. ಹಂಪನಕಟ್ಟೆಗೆ ಪಿನ್ ಹಾಕಿ 10 ಕಿಲೋಮೀಟರ್ ಎಳೆಯುವ. ನೋಡಿ, ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ ಅರಬ್ಬೀ ಸಮುದ್ರ! ಅದರಿಂದ ನಷ್ಟ ಇಲ್ಲ. ನೋಡುವವರು ಇಲ್ಲದಲ್ಲಿ ದುಡ್ಡೂ ಹೋಗುದಿಲ್ಲ.

ತೊಂದರೆ ಇರುದು ಇಲ್ಲಿ. (ಬೆರಳು ಮ್ಯಾಪಿನ ಮೇಲೆ) ಇದು ಬಂದರು. ಎದುರಿಗೇ, ಗುರುಪುರ ಹೊಳೆಯ ಆಚೆ ದಡ, ಕಸಬಾ ಬೆಂಗ್ರೆ. ದಡದಲ್ಲಿ ನಿಂತರೆ ಆಚೆಯ ಮನೆಗಳು ಕಾಣ್ತವೆ. ಫೆರಿ ಹತ್ತಿದರೆ ಬೇಗನೆ ಈಚೆ ದಡ. ಆದರೆ ಈಚೆಯಿಂದ ಸ್ಕೂಟರಿನಲ್ಲಿ ಆಚೆಗೆ ಹೊರಟರೆ? ಉತ್ತರಕ್ಕೆ ಕೂಳೂರು ಸೇತುವೆವರೆಗೆ ಹೋಗಬೇಕು, ಅದನ್ನು ದಾಟಿ ತಣ್ಣೀರುಬಾವಿ ರಸ್ತೆಯಲ್ಲಿ ಪುನಃ ದಕ್ಷಿಣಕ್ಕೆ ಬರಬೇಕು. 10 ಕಿಲೋಮೀಟರಿಗೂ ಹೆಚ್ಚು!

ಇದರ ಅರ್ಥ ಎಂತದು ಗೊತ್ತುಂಟಾ? ಬಂದರಿನ ಅಂಗಡಿಗೆ ಬೆಂಗ್ರೆಯ ಗಿರಾಕಿ ತೀರಾ ಹತ್ತಿರದವರು, ದೋಣಿ ಇಳಿದು ನಡೆದೇ ಬರ್ತಾರೆ. ಅದೇ ಬಂದರಿನಲ್ಲಿ ಮನೆ ಮಾಡಿಕೊಂಡು ಡೆಲಿವರಿ ಕೊಡುವ ನಿಮಗೆ ಅವರೇ ದೂರದ ಗಿರಾಕಿ. ಒಂದೇ ಪಿನ್, ಒಂದೇ ವೃತ್ತ, ಇಬ್ಬರಿಗೆ ಎರಡು ಬೇರೆ ಊರು. ಮೆಟಾದ ವೃತ್ತಕ್ಕೆ ಇದು ಗೊತ್ತಿಲ್ಲ. ಅದು ಕಾಗೆ ಹಾರುವ ದೂರ ಅಳೀತದೆ. ನೇತ್ರಾವತಿಯಲ್ಲೂ ಹಾಗೇ: ಬೋಳಾರದಿಂದ ಉಳ್ಳಾಲ ಎದುರಿಗೇ ಉಂಟು, ಹೋಗಬೇಕಾದ್ರೆ ಜಪ್ಪಿನಮೊಗರು, ಸೇತುವೆ, ತೊಕ್ಕೊಟ್ಟು. ಉಡುಪಿ ಕಡೆಯವರಿಗೆ ಹಂಗಾರಕಟ್ಟೆ, ಕೋಡಿಬೆಂಗ್ರೆ ಅಂದ್ರೆ ಸಾಕು, ಅಲ್ಲೂ ನಡುವೆ ನೀರು.

ಹಾಗಾದ್ರೆ ಒಂದು ದೊಡ್ಡ ವೃತ್ತ ಬೇಡ. ಪಿನ್ನಿಗೆ ಸುಮಾರು 1.6 ಕಿಲೋಮೀಟರಿನಷ್ಟು ಸಣ್ಣ ವೃತ್ತವೂ ಎಳೀಬಹುದು. ನಿಮ್ಮ ಸ್ಕೂಟರ್ ಹೋಗುವ ರಸ್ತೆ ಹಿಡಿದು ಪಿನ್ ಹಾಕಿ: ಕಂಕನಾಡಿ, ಬಿಕರ್ನಕಟ್ಟೆ, ಕುಲಶೇಖರ, ಹೀಗೆ. ಹೋಗಲಿಕ್ಕಾಗದ ಕಡೆಗೆ ಪಿನ್ ಹಾಕಿ "ಹೊರಗಿಡಿ" ಅಂತ ಕೊಡಿ. ಅಂಗಡಿಯವರು ಇದನ್ನೇ ತಿರುಗಿಸಿ ಮಾಡಬೇಕು. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಬರುವ ಸಿಟಿ ಬಸ್ಸು ಎಲ್ಲೆಲ್ಲಿಂದ ಹೊರಡ್ತದೋ ಅಲ್ಲಿ ಪಿನ್, ಫೆರಿ ಹತ್ತುವ ಕಡೆ ಪಿನ್. ನನ್ನ ಲೆಕ್ಕದಲ್ಲಿ ಇಬ್ಬರೂ ಒಂದೇ ಗಿರಾಕಿಗೆ ಕಿತ್ತಾಡುವ ಅಗತ್ಯ ಎಷ್ಟೋ ಕಡೆ ಇಲ್ಲವೇ ಇಲ್ಲ. ಮದುವೆಗೆ ಇಪ್ಪತ್ತು ಸೀರೆ ಬಿಚ್ಚಿಸಿ, ಮುಟ್ಟಿ ನೋಡಿ, ಬ್ಲೌಸ್ ಪೀಸ್ ಹೊಂದಿಸಿ ತೆಗೆಯುವವರು ಅಂಗಡಿಗೇ ಹೋಗ್ತಾರೆ, ಹೋಗಲಿ. ಮಗು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಫೋನು ನೋಡುವ ತಾಯಿ ನಿಮ್ಮ ಗಿರಾಕಿ.

ಸಮಯ ಓಡ್ತಾ ಉಂಟು, ಉಳಿದದ್ದು ಬೇಗ ಬೇಗ. ಪಿನ್‌ಗಳೆಲ್ಲ ಒಂದೇ ಆಡ್ ಸೆಟ್‌ನಲ್ಲಿರಲಿ, ಅಂದ್ರೆ ಒಂದೇ ಬಜೆಟಿನ ಒಂದೇ ಗುಂಪಿನಲ್ಲಿ. ವಾರಕ್ಕೆ ಸುಮಾರು 50 ಫಲಿತಾಂಶ (ಮೆಸೇಜ್, ಆರ್ಡರ್, ನೀವು ಕೇಳಿದ್ದು ಯಾವುದೋ ಅದು) ಸಿಗುವವರೆಗೆ ಅದು ಯಾರಿಗೆ ತೋರಿಸಬೇಕು ಅಂತ ಕಲಿಯುವ ಹಂತದಲ್ಲೇ ಇರ್ತದೆ, 200 ರೂಪಾಯಿಯನ್ನು ಐದು ಪಾಲು ಮಾಡಿದರೆ ಯಾವುದೂ ಕಲಿಯುದಿಲ್ಲ. ಬಿಲ್ಲಿಗೆ 18% ಜಿಎಸ್‌ಟಿ ಸೇರ್ತದೆ, ಲೆಕ್ಕದಲ್ಲಿಡಿ. ಭಾಷೆಯ ಜಾಗದಲ್ಲಿ ಕನ್ನಡ ಮಾತ್ರ ಹಾಕಿದರೆ, ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡ ತುಳು, ಕೊಂಕಣಿ, ಬ್ಯಾರಿ ಮನೆಯವರು ತಪ್ಪಿಹೋಗಬಹುದು, ಖಾಲಿ ಬಿಡಿ. ಉಡುಪಿ ರಥಬೀದಿಗೆ ಪಿನ್ ಹಾಕುವವರೇ, "ಇಲ್ಲಿ ವಾಸ ಇರುವವರು ಮಾತ್ರ" ಅನ್ನುವ ಹಳೆಯ ಆಯ್ಕೆ ಈಗ ಇಲ್ಲ. ಮಠಕ್ಕೆ ಬಂದು ಹೋದ ಯಾತ್ರಿಕರಿಗೂ ನಿಮ್ಮ ಜಾಹೀರಾತು ಹೋಗ್ತದೆ. ಬೇರೆಯವರು ಎಂತ ಹಾಕಿದ್ದಾರೆ ನೋಡಬೇಕಾ? ಮೆಟಾದ ಆಡ್ ಲೈಬ್ರರಿ ತೆರೆದು ಅಂಗಡಿಯ ಹೆಸರು ಹುಡುಕಿ, ಈಗ ಓಡ್ತಾ ಇರುವ ಜಾಹೀರಾತೆಲ್ಲ ಪುಕ್ಕಟೆ ಕಾಣ್ತದೆ.

ಕೊನೆಯದ್ದನ್ನು ಓಡಿಸಿಕೊಂಡು ಹೇಳುದಿಲ್ಲ. ಗಿರಾಕಿಗಳ ಫೋನ್ ನಂಬರಿನ ಪಟ್ಟಿ ಮೆಟಾಕ್ಕೆ ಕೊಟ್ಟರೆ ಅವರನ್ನೇ ಹುಡುಕಿ ಜಾಹೀರಾತು ತೋರಿಸ್ತದೆ, ಅವರ ಹಾಗೆ ಇರುವವರನ್ನೂ ಹುಡುಕ್ತದೆ. ಕೆಲಸ ಚೆನ್ನಾಗಿ ಮಾಡ್ತದೆ, ನಿಜ. ಆದರೆ ಆ ನಂಬರು ಅವರು ಕೊಟ್ಟದ್ದು ಪಾರ್ಸೆಲ್ ಬಂದಾಗ ಫೋನ್ ಮಾಡಲಿಕ್ಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬುನಾದಿಯೇ ಒಪ್ಪಿಗೆ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳ್ತಿದ್ದೆ. ಬಿಲ್ ಬರೆಯುವಾಗಲೇ ಕೇಳಿ: "ಅಕ್ಕ, ಹೊಸ ಸ್ಟಾಕ್ ಬಂದ್ರೆ ನಿಮಗೆ ಜಾಹೀರಾತು ಕಳಿಸ್ಬಹುದಾ? ಅದಕ್ಕೆ ನಿಮ್ಮ ನಂಬರು ಮೆಟಾಕ್ಕೆ ಕೊಡಬೇಕಾಗ್ತದೆ." ಆಯ್ತು ಅಂದವರದ್ದು ಮಾತ್ರ ಪಟ್ಟಿಗೆ ಸೇರಿಸಿ, ಬೇಡ ಅಂದವರ ನಂಬರು ಬಿಲ್ ಪುಸ್ತಕದಲ್ಲೇ ಇರಲಿ.